ಅವಳು ಗುರುತಿಸಿದ ಎಂಜಿನ್

ಟೆಕ್ಸಾಸಿನ ಪ್ಲೇನೋದಲ್ಲಿ ಮಗಳ ಮನೆಯ ಹಿಂದೆ ಒಂದು ಸಣ್ಣ ರೈಲು ಮಾರ್ಗವಿದೆ. ಅದರ ಮೇಲೆ ಪ್ರಯಾಣಿಕರ ಗಾಡಿ ಓಡುವುದಿಲ್ಲ. ಸಿಮೆಂಟು, ಮರದ ಹಲಗೆ ತುಂಬಿದ ಕೆಲವು ವ್ಯಾಗನ್ನುಗಳನ್ನು ಯಾವುದೋ ಖಾಸಗಿ ಕಂಪನಿಯ ಎಂಜಿನ್ ಬೆಳಿಗ್ಗೆ ಎಳೆದುಕೊಂಡು ಹೋಗಿ ಮಧ್ಯಾಹ್ನ ಮರಳುತ್ತದೆ. ಮಗಳಿಗೆ ಅದು ಗೇಟಿನಲ್ಲಿ ಕಾರು ನಿಲ್ಲಿಸಿ ಕಾಯಿಸುವ ಒಂದು ಕಿರಿಕಿರಿ, ಅಷ್ಟೆ. ನಾನು ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ರೈಲು ಎಂಜಿನ್ ರಿಪೇರಿ ಮಾಡುವ ಫಿಟರ್ ಆಗಿ ಸೇರಿ, ಅಲ್ಲಿಯೇ ನಿವೃತ್ತನಾದವನು. ಆದರೂ ಆ ವರ್ಷ ಹಳಿಯ ಕಡೆ ತಿರುಗಿ ನೋಡುವ ಮನಸ್ಸು ನನಗಿರಲಿಲ್ಲ. ಹೆಂಡತಿಯ ಕ್ಯಾನ್ಸರ್ ಮರುಕಳಿಸಿತ್ತು. ಡಾಲಸ್‌ನ ಡಾಕ್ಟರು ಮಾಡುವುದನ್ನೆಲ್ಲ ಮಾಡಿ ಮುಗಿಸಿದ್ದರು. ಉಳಿದದ್ದು ಹೂಸ್ಟನ್ನಿನ ದೊಡ್ಡ ಆಸ್ಪತ್ರೆ. ಅಲ್ಲಿ ಇನ್ನೂ ಪ್ರಯೋಗದಲ್ಲಿರುವ ಒಂದು ಔಷಧ.

ಹೆಂಡತಿ ಬೇಡವೆಂದಳು. ಮಗಳು ಬೇಕೇ ಬೇಕೆಂದಳು. ನಾನು ಹೊತ್ತಿಗೆ ಸರಿಯಾಗಿ ಗಂಜಿ ಕೊಡುವುದು, ಮಾತ್ರೆ ಕೊಡುವುದು, ಹಾಸಿಗೆ ಬದಲಿಸುವುದು ಮಾಡುತ್ತಿದ್ದೆ. ಕೆಲಸ ಅಚ್ಚುಕಟ್ಟಾಗಿ ನಡೆಯುವವರೆಗೆ ನಿರ್ಧಾರದ ಮಾತು ನನ್ನವರೆಗೆ ಬರುವುದಿಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವಳು ನನ್ನ ಕೈ ಹಿಡಿದು ತಡೆದಳು.

"ಸುಮ್ನಿರ್ರಿ ಒಂದೀಟು. ನಮ್ಮ ಶೆಡ್ಡಿನ ಇಂಜಿನ್ ಹೊಂಟದ."

"ಟೆಕ್ಸಾಸಿನ್ಯಾಗ ನಮ್ಮ ಶೆಡ್ಡಿನ ಇಂಜಿನ್ ಎಲ್ಲಿಂದ ಬರ್ತದ? ಗಂಜಿ ಆರ್ತದ, ಕುಡಿ."

"ಎಲ್ಲಿಂದ ಬಂತೋ ನನಗೇನ್ ಗೊತ್ತು? ಮೂವತ್ತು ವರ್ಷ ಒಣಾ ಹಾಕಿದ ಅರಿವಿ ಮ್ಯಾಲಿನ ಮಸಿ ಜಾಡಿಸೇನಿ. ನೀವು ಕಿವ್ಯಾಗ ಹತ್ತಿ ತುರುಕ್ಕೊಂಡು ಶೆಡ್ಡಿನ್ಯಾಗ ಇರ್ತಿದ್ರಿ. ನಾ ಕ್ವಾರ್ಟರ್ಸಿನ್ಯಾಗ ಬರಿ ಕಿವೀಲೆ ಇರ್ತಿದ್ದೆ."

ಹತ್ತಿ ತುರುಕಿಯೂ ನನ್ನ ಕಿವಿ ಉಳಿದಿರಲಿಲ್ಲ. ಹೊರಗೆ ಹೋದದ್ದು ನನಗೆ ಕಿಟಕಿಯ ಗಾಜು ಅದುರಿದ ಹಾಗೆ ಮಾತ್ರ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಮ್ಮ ಮಾತೆಲ್ಲ ಕೇಳಿಸಿತ್ತು. ಸಂಜೆ ನನ್ನನ್ನು ಅಡುಗೆಮನೆಗೆ ಕರೆದಳು.

"ಅಪ್ಪಾ, ಅವ್ವಗ ಭ್ರಮಾ ಶುರು ಆಗೇದ. ಹುಬ್ಬಳ್ಳಿ ಇಂಜಿನ್ ಪ್ಲೇನೋದಾಗ ಕೇಳಸ್ತದಂತ. ಇಂಥಾ ಸ್ಥಿತಿಯೊಳಗ ಅಕಿ ಟ್ರೀಟ್‌ಮೆಂಟ್ ಬ್ಯಾಡ ಅಂದ್ರ ನಾವು ಅದನ್ನ ಹ್ಯಾಂಗ ಕೇಳೋದು?"

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು, ಜೊತೆಗೆ ಸ್ವಲ್ಪ ಆಸೆಯೂ ಇತ್ತು. ತಾಯಿಯನ್ನು ಉಳಿಸಿಕೊಳ್ಳಲು ಅವಳಿಗೆ ಒಂದು ದಾರಿ ಸಿಕ್ಕಂತಾಗಿತ್ತು. ಡಾಕ್ಟರಿಗೂ ಫೋನ್ ಮಾಡಿ ಹೇಳಿದಳು. ರೋಗಿಯ ಬುದ್ಧಿ ಸ್ಪಷ್ಟವಾಗಿರುವವರೆಗೆ ರೋಗಿಯ ಮಾತೇ ಕೊನೆಯದು, ಸಂಶಯವಿದ್ದರೆ ಕರೆದುಕೊಂಡು ಬನ್ನಿ, ಪರೀಕ್ಷಿಸೋಣ ಎಂದು ಅವರು ಹೇಳಿದರು.

ಈ ಮಾತು ಹೆಂಡತಿಗೂ ತಲುಪಿತು. ಅವಳು ಸಿಟ್ಟಾಗಲಿಲ್ಲ. ಇಬ್ಬರನ್ನೂ ಮಂಚದ ಹತ್ತಿರ ಕರೆದಳು.

"ರೀ, ನೀವು ಹೋಗಿ ನೋಡಿ ಬರ್ರಿ. ನನ್ನ ಕಿವಿ ಸುಳ್ಳಾದ್ರ ಬಾಯಿ ಮುಚ್ಚಿಕೊಂಡು ಹೂಸ್ಟನ್‌ಗೆ ಬರ್ತೀನಿ. ಖರೆ ಆದ್ರ ನನ್ನ ಮಾತು ನಡೀಬೇಕು."

ಮಗಳು ತಡಮಾಡದೆ ಒಪ್ಪಿದಳು. ಅವಳ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿದ್ದೆ.

ಮರುದಿನ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಹತ್ತಿರ ಹೋಗಿ ನಿಂತೆ. ಎಂಜಿನ್ ಬಂದು ಕೆಂಪು ದೀಪಕ್ಕೆ ನಿಂತಿತು. ಬಹಳ ಹಳೆಯದು. ಚೌಕ ಮೂತಿ, ಗಿಡ್ಡ ಕ್ಯಾಬು, ಬಣ್ಣದ ಮೇಲೆ ಬಣ್ಣ ಬಳಿದ ಮೈ. ಅಂಥ ಕವಚ ನಮ್ಮ ಶೆಡ್ಡಿಗೆ ಯಾವತ್ತೂ ಬಂದಿರಲಿಲ್ಲ. ಇದು ಅದಲ್ಲ. ಎದೆಯ ಮೇಲಿನ ಭಾರ ಇಳಿಯಿತು. ಹೂಸ್ಟನ್ನಿಗೆ ಏನೇನು ಕಟ್ಟಿಕೊಳ್ಳಬೇಕೆಂದು ಅಲ್ಲೇ ನಿಂತು ಲೆಕ್ಕ ಹಾಕತೊಡಗಿದೆ.

ದೀಪ ಹಸಿರಾಯಿತು. ಡ್ರೈವರ್ ಹ್ಯಾಂಡಲ್ ಎಳೆದಿರಬೇಕು. ಚಿಮಣಿಯಿಂದ ಕಪ್ಪು ಹೊಗೆ ಉಕ್ಕಿತು. ದಟ್ಟವಾದ, ಎಣ್ಣೆಗಪ್ಪು ಹೊಗೆ. ಆಮೇಲೆ ಗಾಡಿ ವೇಗ ಹಿಡಿಯುತ್ತಿದ್ದಂತೆ ಅದು ತಾನಾಗಿ ತಿಳಿಯಾಯಿತು. ಇಲ್ಲಿನ ಬೇರೆ ಎಂಜಿನ್ನುಗಳು ಹೀಗೆ ಉಗುಳುವುದನ್ನು ನಾನು ಕಂಡಿರಲಿಲ್ಲ. ಎಣ್ಣೆ ಮೊದಲು ಹೋಗಿ ಗಾಳಿ ತಡವಾಗಿ ತಲುಪಿದಾಗ ನಮ್ಮವು ಹೀಗೇ ಮಾಡುತ್ತಿದ್ದವು. ಅವಳ ಬಟ್ಟೆಗಳ ಮೇಲೆ ಬೀಳುತ್ತಿದ್ದುದು ಇದೇ.

ಅಲ್ಲಿಂದಲೇ ಮನೆಗೆ ಮರಳಬಹುದಿತ್ತು. ಆದರೆ ಅರ್ಧ ನೋಡಿ ವರದಿ ಕೊಡುವ ಅಭ್ಯಾಸ ನನಗಿಲ್ಲ. ಮಧ್ಯಾಹ್ನ ಎಂಜಿನ್ ನಿಲ್ಲುವ ಸಿಮೆಂಟ್ ಗೋದಾಮಿಗೆ ನಡೆದುಹೋದೆ. ಡ್ರೈವರ್ ಮೆಟ್ಟಿಲ ಮೇಲೆ ಕುಳಿತು ಊಟ ಮಾಡುತ್ತಿದ್ದ. ಒಳ್ಳೆಯ ಮೈಕಟ್ಟಿನ ಮನುಷ್ಯ. ನಾನು ರೈಲ್ವೆಯವನು ಎಂದದ್ದೇ ತಡ, ಎದ್ದು ನಿಂತ.

"ಅಂಕಲ್, ಇದರ ಅಪ್ಪ ಯಾರು ಅಂತ ಹೇಳಿಬಿಡಿ ನೋಡೋಣ," ಎಂದು ಇಂಗ್ಲಿಷಿನಲ್ಲಿ ನಗೆಯಾಡಿದ. 'ಅಂಕಲ್' ಅನ್ನುವುದನ್ನು ನೆರೆಮನೆಯ ಇಂಡಿಯನ್ ಮಕ್ಕಳಿಂದ ಕಲಿತನಂತೆ. "ಹೋದ ತಿಂಗಳವರೆಗೂ ಆಸ್ಟಿನ್ ಕಡೆ ಕಲ್ಲು ಹೊರುತ್ತಿತ್ತು. ಕ್ಯಾಮೆರಾ ಹಿಡಿದುಕೊಂಡು ಬರುವವರು ದಿನಕ್ಕೊಂದು ಹೆಸರು ಹೇಳುತ್ತಾರೆ."

"ಪಕ್ಕದ ಬಾಗಿಲು ತೆಗೆಯುತ್ತೀಯಾ?"

ತೆಗೆದ. ಎಂಜಿನ್ ಆರಿಸಿತ್ತು, ಬಿಸಿ ಇನ್ನೂ ಇತ್ತು. ಒಳಗೆ ಉದ್ದಕ್ಕೂ ಒಂದರ ಪಕ್ಕ ಒಂದು ಮುಚ್ಚಳ. ಅವುಗಳ ಬೋಲ್ಟುಗಳನ್ನು ಸಡಿಲಿಸಿ ಬಿಗಿದೇ ನನ್ನ ಬೆರಳುಗಳು ಸೊಟ್ಟಗಾದದ್ದು. ಯಾರೋ ಹಿಂದಿನ ಮಾಲೀಕ ಈ ಕವಚದೊಳಗೆ ಮೊದಲಿದ್ದ ಡೀಸೆಲ್ ಯಂತ್ರವನ್ನು ತೆಗೆದು ಬೇರೆ ಕಾರ್ಖಾನೆಯದನ್ನು ಕೂರಿಸಿದ್ದ. ಆ ಕಾರ್ಖಾನೆಯ ನಕ್ಷೆಯಿಂದಲೇ ಭಾರತದಲ್ಲಿ ನಮ್ಮವರೂ ನಮ್ಮ ಶೆಡ್ಡಿನ ಎಂಜಿನ್ನುಗಳನ್ನು ಕಟ್ಟಿದ್ದು. ಅಂಗೈ ಇಟ್ಟೆ. ಇನ್ನು ನೋಡುವುದು ಏನೂ ಉಳಿದಿರಲಿಲ್ಲ.

ಡ್ರೈವರಿಗೆ ಎಲ್ಲ ವಿವರಿಸಿದೆ. ಅವನು ನನ್ನನ್ನು ಎಂಜಿನ್ ಪಕ್ಕ ನಿಲ್ಲಿಸಿ ಫೋಟೋ ತೆಗೆದ. "ನಗಿ ಅಂಕಲ್, ಹಳೆಯ ಗೆಳೆಯ ಸಿಕ್ಕಿದ್ದಾನೆ," ಎಂದ. ನಕ್ಕೆನೋ ಇಲ್ಲವೋ ನೆನಪಿಲ್ಲ.

ಮನೆಯ ದಾರಿಯಲ್ಲಿ ಒಂದೇ ಮಾತು ತಲೆಯಲ್ಲಿತ್ತು. ಅದಲ್ಲ ಎಂದರೆ ಸಾಕು. ಕವಚ ಬೇರೆಯದೇ ಆದ್ದರಿಂದ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಬಾಗಿಲು ತೆರೆಯುವವರೆಗೂ ಅದನ್ನೇ ಹೇಳುವವನಿದ್ದೆ.

ಹೆಂಡತಿ ದಿಂಬಿಗೆ ಒರಗಿ ಕುಳಿತಿದ್ದಳು. ಬೆಳಿಗ್ಗೆಯಿಂದ ಮಲಗಿರಲಿಲ್ಲವಂತೆ. ಹಿಂದಿನ ರಾತ್ರಿಯಿಡೀ ತನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ತಾನೇ ಯೋಚಿಸಿದ್ದಾಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಏನಂತದ್ರಿ ನನ್ನ ಕಿವಿ?"

"ಖರೇ ಅಂತದ," ಎಂದೆ. "ಮೈ ಬ್ಯಾರೆ. ಒಳಗಿಂದು ನಮ್ಮದ."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವಂತೆ ನಕ್ಕಳು. "ಫಿಟರ್‌ಗಿಂತಾ ಫಿಟರ್ ಹೆಂಡ್ತಿ ಶಾಣ್ಯಾಕಿ ಅನ್ರಿ ಹಂಗಾದ್ರ." ಆಮೇಲೆ ಮಗಳ ಕಡೆ ತಿರುಗಿ, ಮೆಲ್ಲಗೆ ತಲೆ ಸವರಿ ಹೇಳಿದಳು: "ಹೂಸ್ಟನ್‌ಗೆ ಫೋನ್ ಮಾಡವ್ವಾ. ಬರಂಗಿಲ್ಲ ಅಂತ ಹೇಳು."

ಮಗಳು ಫೋನ್ ಹಿಡಿದು ಗ್ಯಾರೇಜಿಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುವಾರದಿಂದ ಮನೆಗೆ ನರ್ಸ್ ಬರತೊಡಗಿದಳು. ಯಾವ ಔಷಧ ಎಷ್ಟು ಹೊತ್ತಿಗೆ ಎಂದು ನಾನು ಕೇಳಿದೆ. ಇನ್ನು ಹೊತ್ತು ಅಂತ ಏನಿಲ್ಲ, ಅವರು ನೋವು ಎಂದಾಗ ಕೊಡಿ ಎಂದಳು. ಹಾಗೆ ಮಾಡುವುದು ನನಗೆ ಬರುತ್ತಿರಲಿಲ್ಲ. ಕಲಿಯುವಷ್ಟರಲ್ಲಿ ಹೆಂಡತಿ ತೀರಿಹೋದಳು.

ಕ್ರಿಯೆಗಳೆಲ್ಲ ಮುಗಿದ ಮೇಲೆ, ಪಾತ್ರೆ ಒರೆಸುತ್ತ ನಿಂತಿದ್ದಾಗ ಮಗಳು ಕೇಳಿದಳು.

"ಅಪ್ಪಾ, ಒಂದ ಒಂದು ಸುಳ್ಳು ಹೇಳಿದ್ರ ಏನಾಗ್ತಿತ್ತು?"

ಅವಳು ಜಗಳಕ್ಕೆ ಕೇಳಿದ್ದಲ್ಲ. ಹೇಳಿದ್ದರೆ ಅವಳವ್ವ ಇನ್ನೂ ಸ್ವಲ್ಪ ದಿನ ಇರುತ್ತಿದ್ದಳೇನೋ, ಹೂಸ್ಟನ್ನಿನ ಯಾವುದೋ ಹಾಸಿಗೆಯ ಮೇಲೆ, ತನ್ನ ಕಿವಿಯನ್ನೇ ನಂಬದೆ. ಮಗಳ ಕೈಯಲ್ಲಿದ್ದ ಒದ್ದೆ ಬಟ್ಟಲು ತೆಗೆದುಕೊಂಡು ನಾನೇ ಒರೆಸಿಟ್ಟೆ.