ಅಕ್ಕಯ್ಯಮ್ಮ ಹೇಳಿದ ನೀರು

ಆ ಭಾನುವಾರ ಬೆಳಿಗ್ಗೆ ಕೋರಮಂಡಲ್‌ನ ನಮ್ಮ ಮನೆಯ ಹಿತ್ತಲಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂತು, ಹಿತ್ತಾಳೆ ತಟ್ಟೆಯಲ್ಲಿದ್ದ ಕದಡಿದ ನೀರನ್ನು ತಿರುಗಿಸಿ ತಿರುಗಿಸಿ ಸ್ವಲ್ಪಸ್ವಲ್ಪವೇ ಹೊರಗೆ ಚೆಲ್ಲುತ್ತಿದ್ದೆ. ಬೇರೆ ಊರಿನಲ್ಲಾಗಿದ್ದರೆ ಕಂಡವರು, ಮೇಷ್ಟ್ರು ಅಕ್ಕಿ ತೊಳೆಯುತ್ತಿದ್ದಾರೆ, ಪಾಪ, ಹೆಂಡತಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡು ಮುಂದೆ ಹೋಗುತ್ತಿದ್ದರು. ನಮ್ಮಂಥ ಚಿನ್ನದ ಗಣಿಯ ಊರಿನಲ್ಲಿ ತಟ್ಟೆಯನ್ನು ಹಾಗೆ ತಿರುಗಿಸುವುದಕ್ಕೆ ಒಂದೇ ಅರ್ಥ. ಕದ್ದು ತಂದ ಅದಿರಿನ ಪುಡಿಯನ್ನು ಜಾಲಿಸುವವರು ಮಾತ್ರ ಹಾಗೆ ತಿರುಗಿಸುತ್ತಾರೆ.

ಗಣಿಯ ಕಾವಲುಗಾರ ಪೆರುಮಾಳ್ ಬೇಲಿಯ ಮೇಲಿಂದ ಇಣುಕಿದ.

"ಸಾರ್, ನೀವೂನಾ?" ಎಂದ. ಕೋಪದಿಂದಲ್ಲ, ತೀರಾ ದುಃಖದಿಂದ.

"ಇದು ಅದಲ್ಲಪ್ಪ. ಹೆಂಡತಿಯ ಓಲೆ ತೊಳೀತಾ ಇದೀನಿ. ಕಲ್ಲೇನಾದ್ರೂ ಬಿದ್ದುಹೋಯ್ತೇನೋ ಅಂತ ಹುಡುಕ್ತಾ ಇದೀನಿ."

"ಎಲ್ಲಾರೂ ಅಂಗೇ ಸಾರ್ ಯೋಳೋದು."

ಅಷ್ಟರಲ್ಲಿ ಸಾಲುಮನೆಗಳ ನಾಲ್ಕು ಬಾಗಿಲು ತೆರೆದಿದ್ದವು. ಬೇರೆ ದಾರಿಯಿಲ್ಲದೆ ಎರಡೂ ಓಲೆಗಳನ್ನು ಅವನ ಅಂಗೈಗೆ ಹಾಕಿದೆ. ಪೆರುಮಾಳ್ ಅವನ್ನು ಬಿಸಿಲಿಗೆ ಹಿಡಿದು ನೋಡಿ, ನಿರಾಳವಾಗಿ ಉಸಿರುಬಿಟ್ಟ. "ಸರಿ ಬುಡಿ ಸಾರ್. ನಾನು ಏನೋ ಅಂತ ಇದ್ದೆ. ಇದು ಬರೀ ಗಾಜು."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅನಸೂಯಮ್ಮನಿಗೆ ಆ ಮಾತು ಕೇಳಿಸಿತು.

ಅವು ಏಳು ಕಲ್ಲಿನ ವಜ್ರದ ಓಲೆಗಳು. ನಮ್ಮ ಅತ್ತೆ ಸುಬ್ಬಲಕ್ಷ್ಮಮ್ಮನವರು ತಮ್ಮ ಕಿವಿಯಿಂದ ಬಿಚ್ಚಿ ಮಗಳಿಗೆ ಕೊಟ್ಟವು. ಕೊಡುವಾಗ ನನ್ನ ಮುಖ ನೋಡಿಕೊಂಡೇ, "ಜೋಪಾನವಾಗಿ ಇಟ್ಕೊಳ್ಳದಿದ್ರೆ ವಾಪಸ್ಸು ತಗೊಂಡು ಚಿಕ್ಕವಳಿಗೆ ಕೊಟ್ಟುಬಿಡ್ತೀನಿ" ಎಂದಿದ್ದರು. ಆ ಚಿಕ್ಕವಳ ಮದುವೆ ಬರುವ ಶುಕ್ರವಾರ ಬಂಗಾರಪೇಟೆಯ ಛತ್ರದಲ್ಲಿ. ಅತ್ತೆಯವರು ಅಳಿಯನ ಯೋಗಕ್ಷೇಮ ಕೇಳುವ ಮೊದಲು ಮಗಳ ಕಿವಿ ನೋಡುವವರು. ಎರಡು ದಿನದ ಹಿಂದೆ ಕಣ್ಣು ಕುಕ್ಕುತ್ತಿದ್ದ ಕಲ್ಲುಗಳು ಈಗ ಪೊರೆ ಬಂದ ಎಮ್ಮೆಯ ಕಣ್ಣಿನಂತೆ ನನ್ನನ್ನು ನೋಡುತ್ತಿದ್ದವು.

"ಅಕ್ಕಯ್ಯಮ್ಮನ್ನ ಕರ್ಕೊಂಡು ಬನ್ನಿ" ಎಂದಳು ಅನಸೂಯ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕಯ್ಯಮ್ಮನನ್ನು ಕರೆಯಬಾರದೆಂದೇ ನಾನು ಈ ಕೆಲಸಕ್ಕೆ ಕೈಹಾಕಿದ್ದು. ಆಕೆ ಬಂಗಾರಪೇಟೆಯ ಅಕ್ಕಸಾಲಿಗ ಆಂಜನಪ್ಪಾಚಾರಿಯ ವಿಧವೆ. ಹಬ್ಬ, ಮದುವೆ ಬಂತೆಂದರೆ ರೈಲು ಹತ್ತಿ ಬಂದು ಮನೆಮನೆಯಲ್ಲಿ ಕಲ್ಲಿನ ಒಡವೆ ತೊಳೆದುಕೊಡುತ್ತಿದ್ದಳು. ತೊಳೆಯುವುದೆಂದರೇನು, ಅದೊಂದು ವ್ರತ. ಮೊದಲು ಬಚ್ಚಲ ತೂಬಿಗೆ ಬಟ್ಟೆ ತುರುಕಬೇಕು. ನಡುಮನೆಯಲ್ಲಿ ಬಿಳಿ ಪಂಚೆ ಹಾಸಬೇಕು. ಕಲ್ಲುಗಳನ್ನು ಗಟ್ಟಿಯಾಗಿ ಎಣಿಸಿ ಮನೆಯವರಿಂದ ಹೌದೆನ್ನಿಸಿಕೊಳ್ಳಬೇಕು. ಆಮೇಲೆ ಅಂಟುವಾಳದ ನೊರೆಯಲ್ಲಿ, ಕೂದಲು ಅರ್ಧಕ್ಕೆ ಕತ್ತರಿಸಿದ ಹಳೆಯ ಬ್ರಷ್ಷಿನ ತುದಿಯನ್ನು ಮಾತ್ರ ಅದ್ದಿ, ಓಲೆಯನ್ನು ಬೋರಲು ಹಿಡಿದು, ಒಂದೊಂದೇ ಕಲ್ಲನ್ನು ಮಗುವಿನ ಹಲ್ಲುಜ್ಜಿದಂತೆ ಉಜ್ಜುವಳು. ಉಜ್ಜಿದ ಕೂಡಲೇ ಒರೆಸುವಳು. ಅಷ್ಟೂ ಹೊತ್ತು ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ, ಸೀನುವಂತಿಲ್ಲ. ಎರಡು ಓಲೆಗೆ ಒಂದು ಹಗಲು. ನಾನು ಒಂದು ಹಗಲಿನಲ್ಲಿ ಎಪ್ಪತ್ತು ಹುಡುಗರ ಕಾಪಿ ಪುಸ್ತಕ ತಿದ್ದುತ್ತೇನೆ.

ಹಿಂದಿನ ದೀಪಾವಳಿಯಲ್ಲಿ ಕೆಲಸ ಮುಗಿಸಿ ಹೊರಡುವಾಗ ಆಕೆ ನನಗೆ ಒಂದು ಮಾತು ಹೇಳಿದ್ದಳು. "ಒಳ್ಳೆ ನೀರು ಸಾಮಿ. ನೀರು ಕಮ್ಮಿ ಆಗ್ದಂಗೆ ನೋಡ್ಕಳಿ."

ಬೇತಮಂಗಲದಿಂದ ಬರುವ ನೀರನ್ನು ನಲ್ಲಿ ಬಿಟ್ಟ ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳುವ ಊರು ನಮ್ಮದು. ನೀರು ಕಡಿಮೆಯಾಗದಂತೆ ನೋಡಿಕೊಳ್ಳುವುದು ಇಲ್ಲಿ ಪ್ರತಿ ಗಂಡನ ಕರ್ತವ್ಯ. ಮಾತು ಮನಸ್ಸಿನಲ್ಲಿ ನಿಂತಿತ್ತು. ಹಾಗಾಗಿ ಶನಿವಾರ ಬೆಳಿಗ್ಗೆ ಓಲೆಗಳನ್ನು ಒಂದು ಚೊಂಬು ನೀರಿನಲ್ಲಿ ಮುಳುಗಿಸಿಟ್ಟೆ. ನೀರು ಒಂದು ಬೆರಳು ಇಳಿದಂತೆ ಕಂಡಾಗಲೆಲ್ಲ ಶ್ರದ್ಧೆಯಿಂದ ತುಂಬಿಸಿದೆ. ಭಾನುವಾರ ತೆಗೆದು ನೋಡಿದರೆ ಚೊಂಬಿನ ನೀರು ಕದಡಿತ್ತು, ಕಲ್ಲುಗಳು ಮಂಕಾಗಿದ್ದವು. ಮಂಕಾದ ಕಲ್ಲು ಯಾವುದು, ಖಾಲಿ ಗೂಡು ಯಾವುದು ತಿಳಿಯದೆ, ಒಂದೆರಡು ಉದುರಿಯೂ ಇರಬಹುದೆಂಬ ಭಯದಿಂದ ತಟ್ಟೆ ಹಿಡಿದು ಕೂತದ್ದು, ಪೆರುಮಾಳ್ ಬಂದದ್ದು.

ಮಧ್ಯಾಹ್ನದ ರೈಲಿಗೆ ಹೋಗಿ ಅಕ್ಕಯ್ಯಮ್ಮನನ್ನು ಕರೆತಂದೆ. ಆಕೆ ಓಲೆಯನ್ನು ಮುಟ್ಟಲೂ ಇಲ್ಲ, ದೂರದಿಂದಲೇ ನೋಡಿದಳು.

"ಯಾರು ಯೋಳಿದ್ರು ನೀರಾಗೆ ನೆನಾಕಕ್ಕೆ?"

"ನೀನೇ."

"ನಾನಾ?"

"ನೀರು ಕಮ್ಮಿ ಆಗದಂತೆ ನೋಡ್ಕೊಳ್ಳಿ ಅಂದದ್ದು ನೀನೇ ತಾನೆ?"

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಾಮಿ, ವಜ್ರದಾಗೆ ನೀರು ಅಂದ್ರೆ ಅದರ ಬೆಳಕು, ಮಿಂಚು. ತಂಬಿಗೆ ನೀರಲ್ಲ."

"ಅದನ್ನ ಅವತ್ತೇ ಬಿಡಿಸಿ ಹೇಳಬಾರದಾಗಿತ್ತಾ?"

"ನೀವು ಇಸ್ಕೂಲಾಗೆ ಏನು ಪಾಠ ಯೋಳ್ಕೊಡೋದು?"

"ಕನ್ನಡ."

"ಓ" ಎಂದಳು ಅಕ್ಕಯ್ಯಮ್ಮ.

ಅಡುಗೆಮನೆಯಲ್ಲಿ ಅನಸೂಯ ಕೆಮ್ಮಿದಳು. ಅದು ಕೆಮ್ಮಲ್ಲ ಎಂಬುದು ನನಗೆ ಗೊತ್ತು.

ವಿಷಯ ಇಷ್ಟೇ. ಹಿಂಬದಿ ತೆರೆದಿರುವ ಓಲೆಯಾಗಿದ್ದರೆ ಮುಳುಗಿಸಿದರೂ ಚಿಂತೆಯಿಲ್ಲ. ನಮ್ಮದು ಹಿಂಬದಿ ಮುಚ್ಚಿದ ಹಳೆಯ ಕಾಲದ ಕೆಲಸ. ಕಲ್ಲಿನ ಕೆಳಗೆ ಹೊಳೆಯುವ ಬೇಗಡೆ ಹಾಳೆ, ಅದರ ಕೆಳಗೆ ಅರಗು. ನೀರು ಒಳಗೆ ಹೊಕ್ಕರೆ ಬೇಗಡೆ ಕಪ್ಪಾಗುತ್ತದೆ, ಕಲ್ಲು ಕುರುಡಾಗುತ್ತದೆ. "ಹದಿನಾಕೂ ಅವೆ" ಎಂದು ಅಕ್ಕಯ್ಯಮ್ಮ ಎಣಿಸಿ ಹೇಳಿದಳು. "ಎಲ್ಲಾ ಕಲ್ಲೂ ಬಿಚ್ಚಿ ಮತ್ತೆ ಕಟ್ಟಬೇಕು."

"ಯಾರ ಹತ್ತಿರ ಕೊಡೋದು? ಆಚಾರಿ ಇಲ್ಲವಲ್ಲ" ಎಂದೆ.

"ಇದನ್ನ ಮೊದ್ಲು ಕಟ್ಟಿದ್ದು ಯಾರು ಅಂತ ತಿಳ್ಕಂಡಿದ್ದೀರಿ?"

"ಆಂಜನಪ್ಪಾಚಾರಿ. ಅತ್ತೆಯವರು ಇವತ್ತಿಗೂ ಆ ಕೈಕೆಲಸ ಹೊಗಳ್ತಾರೆ."

"ಆಯಪ್ಪನಿಗೆ ನಲವತ್ತಕ್ಕೇ ಕಣ್ಣು ಓಯ್ತು ಸಾಮಿ. ಒಲೆ ಊದಿ ಊದಿ. ಆಮ್ಯಾಕೆ ಅಂಗಡಿ ಮುಂದ್ಗಡೆ ಕುಂತು ಗಿರಾಕಿ ತಾವ ಮಾತಾಡ್ತಿದ್ದ. ಒಳಗಡೆ ಕುಂತು ಕಟ್ತಿದ್ದೋಳು ನಾನು. ಆಯಪ್ಪ ಓದ್ಮ್ಯಾಕೆ, ಎಂಗಸು ಕಲ್ಲು ಕಟ್ತಾಳಾ ಅಂತ ಯಾರೂ ಕೊಡ್ಲಿಲ್ಲ. ತೊಳ್ಯೋಕೆ ಮಾತ್ರ ಕರೀತಾರೆ."

ಇದನ್ನು ಆಕೆ ರೈಲಿನ ವೇಳೆ ಹೇಳುವ ದನಿಯಲ್ಲಿ ಹೇಳಿದಳು. ಆಚಾರಿ ಹೋದ ಮೇಲಿನ ಈ ಹದಿನೇಳು ವರ್ಷ ತಾನು ಕಟ್ಟಿದ ಒಡವೆಗಳನ್ನೇ ಮನೆಮನೆಯಲ್ಲಿ ತೊಳೆಯುತ್ತಾ ಬಂದಿದ್ದಾಳೆ ಎಂದು ಆಗ ಹೊಳೆಯಿತು. ಕೂದಲು ಕತ್ತರಿಸಿದ ಬ್ರಷ್ಷು, ಸೀನಬಾರದೆಂಬ ಕಟ್ಟಳೆ, ಎಲ್ಲಕ್ಕೂ ನಾನು ನಕ್ಕಿದ್ದೆನಲ್ಲ. ಆಕೆಯ ಕಿವಿಯಲ್ಲಿದ್ದದ್ದು ಬೇವಿನ ಕಡ್ಡಿ. ಅದಕ್ಕೆ ಯಾವ ನೀರೂ ಬೇಡ.

ಓಲೆಗಳನ್ನು ತನ್ನ ಮನೆಗೇ ಕೊಂಡೊಯ್ದಳು. ಸೋಮವಾರ ಸ್ಕೂಲು ಬಿಟ್ಟು ರೈಲು ಹಿಡಿದು ಹೋದೆ. "ಒಣಗ್ತಾ ಐತೆ" ಎಂದಳು. ಮಂಗಳವಾರ ಹೋದೆ. "ಒಣಗ್ತಾ ಐತೆ." ಬುಧವಾರ, "ಇನ್ನೆಷ್ಟು ಒಣಗಬೇಕಮ್ಮ, ಅದೇನು ಹಪ್ಪಳವಾ?" ಎಂದು ರೇಗಿದೆ. "ಹಪ್ಪಳ ಆಗಿದ್ರೆ ನಿನ್ನೇನೇ ಕೊಡ್ತಿದ್ದೆ" ಎಂದಳು. ಗುರುವಾರ ಬೀಗ. ಬೀಗಕ್ಕೆ ಕೈಮುಗಿದು ಬಂದೆ.

ಮನೆಯಲ್ಲಿ ಅನಸೂಯ, "ಅಮ್ಮ ಕೇಳಿದ್ರೆ ನೀವೇ ಹೇಳಿ" ಎಂದಳು. ನಾನು ಆ ರಾತ್ರಿಯಿಡೀ ವಾಕ್ಯರಚನೆ ಮಾಡಿದೆ. ಯಾವ ವಾಕ್ಯದಲ್ಲೂ ಕರ್ತೃ ನಾನೇ ಆಗುತ್ತಿದ್ದೆ.

ಶುಕ್ರವಾರ ಛತ್ರಕ್ಕೆ ಹೋದರೆ, ಮದುಮಗಳ ಒಡವೆ ಒರೆಸಲು ಬಂದ ಅಕ್ಕಯ್ಯಮ್ಮ ಒಳಕೋಣೆಯಲ್ಲಿ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ, ಓಲೆಗಳನ್ನು ಅನಸೂಯಳ ಕಿವಿಗೆ ತಾನೇ ತಿರುಪಿದಳು. ಕಿಟಕಿಯ ಬಿಸಿಲು ಬಿತ್ತು. ನನಗೆ ವಜ್ರದ ವಿಷಯ ತಿಳಿಯದು. ಆದರೆ ನೀರು ಎಂದರೇನು ಎಂದು ಆ ಕ್ಷಣ ತಿಳಿಯಿತು.

ತಿಳಿಯುತ್ತಿದ್ದಂತೆ ಅತ್ತೆಯವರು ಬಂದರು. ಮಗಳ ಗಲ್ಲ ಹಿಡಿದು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಇದು ನಾನು ಕೊಟ್ಟಾಗಲೂ ಇಷ್ಟು ಹೊಳೀತಿರ್ಲಿಲ್ಲ" ಎಂದರು. ಆಮೇಲೆ ಅಕ್ಕಯ್ಯಮ್ಮನ ಕಡೆ ತಿರುಗಿದರು. "ನಿಜ ಹೇಳು, ಇದಕ್ಕೆ ಏನಾಗಿತ್ತು?"

ಹೆಂಡತಿ ನನ್ನನ್ನು ನೋಡಿದಳು. ನಾನು ಬಾಗಿಲನ್ನು ನೋಡಿದೆ.

ಅಕ್ಕಯ್ಯಮ್ಮ ಬ್ರಷ್ಷನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಏನಿಲ್ಲ ತಾಯಿ. ಬಾಯಾರಿಕೆ ಆಗಿತ್ತು. ಅಳಿಯಂದಿರು ನೀರು ಕುಡಿಸಿದ್ರು."