ಹಾಸಿಗೆಯಕ್ಕ ಉಳಿದ ಮನೆ

ಹತ್ತಿ ತುಂಬಿ ಹಾಸಿಗೆ ಹೊಲಿಯುವುದೇ ಕಸುಬಾದ್ದರಿಂದ ಅವಳು ಬೀದಿಗೆಲ್ಲ ಹಾಸಿಗೆಯಕ್ಕ. ಗಂಡ ತೀರಿಕೊಂಡ ಮೇಲೆ ಅಂಗಡಿ, ಅದರ ಹಿಂದಿನ ಕೋಣೆ, ಇಷ್ಟೇ ಅವಳ ಲೋಕ. ‘ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟು ನಾನು ಮಾತ್ರ ಕೋಳಿನಿದ್ದೆ ಮಾಡ್ತೀನಿ’ ಎಂದು ತಾನೇ ನಗುತ್ತಿದ್ದಳು.

ತಂಗಿಯ ಕಾಟ ತಾಳಲಾರದೆ ಒಮ್ಮೆ ಪ್ರವಾಸದ ಬಸ್ಸು ಹತ್ತಿದಳು. ದಾರಿಯಲ್ಲಿ ಗುಡ್ಡ ಕುಸಿದು ಬಸ್ಸು ಹಗಲಿಡೀ ನಿಂತುಬಿಟ್ಟಿತು. ಪಕ್ಕದ ಸೀಟಿನಲ್ಲಿ ಚಳಿಗೆ ಗಡಗಡ ನಡುಗುತ್ತಿದ್ದ ಹೊರದೇಶದ ಗಂಡಹೆಂಡಿರಿಗೆ ತನ್ನ ರಜಾಯಿ ಹೊದಿಸಿದಳು. ಗಂಡ ಬಂದರಿನಲ್ಲಿ ಕ್ರೇನ್ ನಡೆಸುವವನು, ಹೆಂಡತಿ ಶಾಲೆಯೊಂದರಲ್ಲಿ ಅಡುಗೆಯವಳು. ಹರುಕುಮುರುಕು ಮಾತಿನಲ್ಲೇ ಸ್ನೇಹ ಕುದುರಿತು. ‘ನಮ್ಮನೆಗೆ ಬರಲೇಬೇಕು ಅಕ್ಕಾ’ ಎಂದು ಅಡುಗೆಯವಳು ಇಳಿಯುವಾಗ ಕೈ ಹಿಡಿದಳು. ಬಾಯುಪಚಾರ ಎಂದುಕೊಂಡಿದ್ದಳು ಹಾಸಿಗೆಯಕ್ಕ. ಆದರೆ ಎರಡು ವರ್ಷದ ಮೇಲೆ ಫೋನು ಬಂತು: ‘ಬೇಗ ಬಾ ಅಕ್ಕಾ. ಆದಷ್ಟು ದಿನ ಇರೋ ಹಾಗೆ ಬಾ.’

ಹೋದಳು. ಬಾಗಿಲಲ್ಲಿ ಅಡುಗೆಯವಳು ತಬ್ಬಿಕೊಂಡವಳು ಬಿಡಲೇ ಇಲ್ಲ. ಗಂಡಹೆಂಡಿರಿಬ್ಬರೂ ಸೊರಗಿಹೋಗಿದ್ದರು. ಕಿಟಕಿಯ ಪರದೆಗಳಿಗೆ ಹಗಲಲ್ಲೂ ಪಿನ್ನು ಚುಚ್ಚಿತ್ತು. ಎದುರುಮನೆಯವಳು ಇವರನ್ನು ಕಂಡದ್ದೇ ಮುಖ ತಿರುಗಿಸಿ ಕದ ಹಾಕಿಕೊಂಡಳು. ಕೆಳಗೆ ಬೀದಿಯಲ್ಲಿ ಒಂದು ಬೂದು ಕಾರು. ಒಳಗೆ ಇಬ್ಬರು ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು. ಸಿಪ್ಪೆಯ ರಾಶಿ ದಿನೇ ದಿನೇ ಬೆಳೆಯುತ್ತಿತ್ತು.

ಅಡುಗೆಯವಳು ಎಲ್ಲಿ ಹೋದರೂ ಅಕ್ಕನ ತೋಳು ಹಿಡಿದೇ ಹೋಗುತ್ತಿದ್ದಳು. ತರಕಾರಿಯವನ ಮುಂದೆಯೂ ಅಗತ್ಯಕ್ಕಿಂತ ಜೋರಾಗಿ, ‘ಇವ್ರು ನಮ್ಮನೆ ಅತಿಥಿ, ಹೊರದೇಶದವ್ರು!’ ಎನ್ನುತ್ತಿದ್ದಳು. ತನ್ನನ್ನು ಮೆರವಣಿಗೆ ಮಾಡಿಸುತ್ತಿದ್ದಾಳಲ್ಲ ಎಂದು ಹಾಸಿಗೆಯಕ್ಕನಿಗೆ ಮೊದಲು ನಗು ಬಂದಿತ್ತು.

ಒಂದು ಮಧ್ಯಾಹ್ನ ಕಾರಿನವರಲ್ಲಿ ಒಬ್ಬ ಮೆಟ್ಟಿಲ ಮೇಲೆ ಎದುರಾದ. ಬಲು ನಯವಾಗಿ, ‘ಯಾವಾಗ ಹೊರಡ್ತೀರಮ್ಮಾ?’ ಎಂದ.

‘ಬಂದವ್ರು ಹೊರಡೋದು ಇದ್ದದ್ದೇ ಅಲ್ವಾ.’

‘ಹೌದೌದು. ಅವಸರ ಇಲ್ಲ. ನಾವು ಕಾಯ್ತೀವಿ.’

ಹಾಸಿಗೆಯಕ್ಕ ನೇರ ಅಡುಗೆಮನೆಗೆ ಹೋಗಿ, ‘ಏನೇ ಇದು? ನನ್ನಾಣೆ, ನಿಜ ಹೇಳು’ ಎಂದಳು.

ಅಡುಗೆಯವಳು ಸೌಟು ಕೆಳಗಿಟ್ಟಳು. ಬಂದರಿನಲ್ಲಿ ಸವೆದ ಹಗ್ಗ ಕಿತ್ತು, ಭಾರ ಬಿದ್ದು, ಒಬ್ಬ ಕೂಲಿಯಾಳು ಸತ್ತಿದ್ದ. ಹಗ್ಗ ಸವೆದಿದೆ ಎಂದು ಕ್ರೇನಿನವನು ಮೊದಲೇ ಹೇಳಿದ್ದ. ಬಂದರಿನ ಯಜಮಾನ ಆದರೂ ಭಾರ ಎತ್ತು ಎಂದಿದ್ದ. ಅದನ್ನೇ ಕೋರ್ಟಿನಲ್ಲಿ ಹೇಳಲು ಕ್ರೇನಿನವನು ಒಪ್ಪಿಕೊಂಡಿದ್ದ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ.

‘ಹೊರದೇಶದವ್ರು ಮನೇಲಿದ್ರೆ ಕಾರಿನಲ್ಲಿರೋ ಯಜಮಾನನ ಆಳುಗಳು ಒಳಗೆ ಕಾಲಿಡಲ್ಲ. ಸುದ್ದಿ ದೇಶ ದಾಟುತ್ತೆ ಅಂತ ಹೆದರ್ತಾರೆ’ ಎಂದಳು ಅಡುಗೆಯವಳು, ತಲೆ ಎತ್ತದೆ. ‘ಅದಕ್ಕೇ ಕರೆದೆ. ನಿನ್ನ ಗುರಾಣಿ ಮಾಡ್ಕೊಂಡೆ. ಬೈಯಿ ಅಕ್ಕಾ.’

ಹಾಸಿಗೆಯಕ್ಕನಿಗೆ ಸಿಟ್ಟು ಬಂತು, ಹೆದರಿಕೆ ಅದಕ್ಕಿಂತ ಹೆಚ್ಚು ಬಂತು. ಆದರೂ, ‘ಬೈಯೋದು ಆಮೇಲಿರಲಿ. ವಿಚಾರಣೆ ಮುಗಿಯೋವರೆಗೂ ನಾನಿಲ್ಲೇ’ ಎಂದಳು.

ವೀಸಾ ಮಾತ್ರ ಅಷ್ಟು ದಿನಕ್ಕೆ ಇರಲಿಲ್ಲ. ಕಚೇರಿಗೆ ಅಲೆದಳು, ಕಾಡಿದಳು, ಬೇಡಿದಳು. ಕಿಟಕಿಯಾಚೆಯ ಗುಮಾಸ್ತ ಕತ್ತೆತ್ತದೆ, ‘ಆಗಲ್ಲಮ್ಮಾ’ ಎಂದ. ಹೊರಡುವ ದಿನ ಕ್ರೇನಿನವನು ಪೆಟ್ಟಿಗೆ ಹೊತ್ತು ಟ್ಯಾಕ್ಸಿಯವರೆಗೆ ಬಂದ. ‘ನೀವಿದ್ದಷ್ಟು ದಿನ ನಿದ್ದೆ ಬಂತು ಅಕ್ಕಾ’ ಎಂದ. ಟ್ಯಾಕ್ಸಿ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದಳು. ಕಾರಿನವರಿಬ್ಬರೂ ಕೆಳಗಿಳಿದು ಮೈಮುರಿಯುತ್ತಿದ್ದರು.

ಊರಿಗೆ ಮರಳಿದ ಮೂರನೆಯ ವಾರ ಅಡುಗೆಯವಳ ಫೋನು ಬಂತು. ‘ನಮ್ಮನೆಯವ್ರು ಬೆಳಿಗ್ಗೆ ವಿಚಾರಣೆಗೆ ಅಂತ ಹೊರಟ್ರು. ಕೋರ್ಟಿಗೆ ತಲುಪಲೇ ಇಲ್ಲ ಅಕ್ಕಾ.’

‘ನೀನು ಇಲ್ಲಿಗೆ ಬಂದುಬಿಡೇ ಮಾರಾಯ್ತಿ!’

‘ಅವ್ರು ವಾಪಸ್ ಬಂದ್ರೆ ಬಾಗಿಲು ತೆಗೆಯೋರು ಯಾರು?’

ಹಾಸಿಗೆಯಕ್ಕ ಮತ್ತೆ ವೀಸಾಕ್ಕೆ ಹಾಕಿದ್ದಾಳೆ, ಇನ್ನೂ ಬಂದಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಆ ಮನೆಗೆ ಫೋನು ಮಾಡುತ್ತಾಳೆ. ಅಡುಗೆಯವಳು ಎತ್ತುವುದು ತುಸು ತಡವಾದರೂ ಸಾಕು, ಹತ್ತಿ ಮೆತ್ತಿದ ಕೈಯಿಂದ ಎದೆ ಒತ್ತಿಕೊಂಡು ನಿಂತೇ ಇರುತ್ತಾಳೆ.