ಅಂಚಕ್ಕನ ಬಲಗಡೆ ಹಾಳೆಗಳು

ಬಸ್ ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಡ್ರೈವರುಗಳಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ಅವಳು ಅಂಚಕ್ಕ. ಆಫೀಸಿನಲ್ಲಿ ಯಾರೇ ಪ್ರಿಂಟ್ ತೆಗೆಯಲು ಹೊರಟರೂ ಬೆನ್ನ ಹಿಂದೆ ಬಂದು ನಿಂತು, "ಅಂಚು ನೋಡ್ಕೊಂಡ್ರಾ?" ಎಂದು ಕೇಳುವುದು ಅವಳ ಚಾಳಿ. ಮಾರ್ಜಿನ್‌ಗೆ ಅವಳು ಇಟ್ಟುಕೊಂಡ ಮಾತು ಅದು. ಬೇರೆಯವರ ರಜೆ ಅರ್ಜಿಗೂ ಅಂಚು ನೋಡಿ, ಎಡಗಡೆ ಪಂಚಿಂಗ್ ತೂತಿಗೆ ಜಾಗ ಬಿಟ್ಟಿಲ್ಲವೆಂದು ವಾಪಸ್ ಕೊಡುತ್ತಿದ್ದಳು. ಮದುವೆ ಆಗಲಿಲ್ಲ, ಆಗಲಿಲ್ಲವೆಂದು ಕೊರಗಿದವಳೂ ಅಲ್ಲ. ಗಂಡುಗಳ ಅಂಚು ಸರಿ ಇರಲಿಲ್ಲವೇನೋ ಎಂದು ಡ್ರೈವರುಗಳು ತಮಾಷೆ ಮಾಡಿದರೆ ಅವಳೂ ಜೊತೆಗೆ ನಗುತ್ತಿದ್ದಳು.

ನಗುವವರು ನಗಲಿ. ಅವಳ ಕೆಲಸದ ಬೆಲೆ ಬೆಳಗಿನ ಪಾಳಿಗೆ ಬಂದು ಗೋಡೆಯ ಮುಂದೆ ನಿಂತವರಿಗೆ ಗೊತ್ತು. ಯಾವ ಡ್ರೈವರಿಗೆ ಯಾವ ದಿನ ಯಾವ ಬಸ್ಸು ಎಂಬ ವಾರದ ಡ್ಯೂಟಿ ಚಾರ್ಟು ಎಕ್ಸೆಲ್‌ನಲ್ಲಿರುತ್ತದೆ; ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಹಾಕಿಸುವುದು ಅವಳ ಕೆಲಸ. ಉದ್ದಕ್ಕೆ ಹೆಸರುಗಳು, ಅಡ್ಡಕ್ಕೆ ದಿನಗಳು. ಅದನ್ನೆಲ್ಲ ಒಂದೇ ಹಾಳೆಯ ಅಗಲಕ್ಕೆ ತುರುಕಿದರೆ ಅಕ್ಷರಗಳು ಇರುವೆ ಸಾಲಾಗುತ್ತವೆ. ಹಾಗೇ ಬಿಟ್ಟರೆ ಶನಿವಾರ ಒಂದು ಹಾಳೆಗೆ, ಭಾನುವಾರ ಇನ್ನೊಂದು ಹಾಳೆಗೆ ಓಡಿಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿಯೇ. ಹಾಗಂತ ಕಾಲು ಕತ್ತರಿಸಿಕೊಳ್ಳಲಾಗುತ್ತದೆಯೇ? ಅಂಚಕ್ಕ ಚಾರ್ಟನ್ನು ನಡುವೆ ಸೀಳಿದ್ದಳು. ಎಡಗಡೆ ಹಾಳೆಗಳಲ್ಲಿ ಹೆಸರು ಮತ್ತು ಬುಧವಾರದ ತನಕದ ದಿನಗಳು, ಬಲಗಡೆ ಹಾಳೆಗಳಲ್ಲಿ ಮಿಕ್ಕ ದಿನಗಳು. ಎರಡಕ್ಕೂ ಒಂದೇ ಸ್ಕೇಲ್, ಅಂದರೆ ಹಿಗ್ಗಿಸುವ ಕುಗ್ಗಿಸುವ ಅಳತೆ, ಒಂದೇ ಮೇಲಂಚು, ಸಾಲಿಗೆ ಒಂದೇ ಎತ್ತರ. ಪ್ರತಿ ಹಾಳೆಯ ನೆತ್ತಿಯ ಮೇಲೂ ದಿನದ ಹೆಸರು ಮತ್ತೆ ಬರಲೇಬೇಕು. ಗೋಂದಣ್ಣ ಎಂದೇ ಕರೆಸಿಕೊಳ್ಳುವ ಅಟೆಂಡರ್ ಅವನ್ನು ಅಕ್ಕಪಕ್ಕ ಅಂಟಿಸಿದನೆಂದರೆ ಎಡಗಡೆಯ ಗೆರೆ ನೆಟ್ಟಗೆ ಹೋಗಿ ಬಲಗಡೆಯ ಗೆರೆಗೆ ಸೇರುತ್ತಿತ್ತು. ಡ್ರೈವರ್ ತನ್ನ ಹೆಸರಿನ ಮೇಲೆ ಬೆರಳಿಟ್ಟು ನೇರಕ್ಕೆ ಎಳೆದರೆ ಅವನ ಬಸ್ಸು ಸಿಗುತ್ತಿತ್ತು.

ಇನ್ನು ತಂಗಿಯ ಮಾತು. ತಾಯಿಯಿಲ್ಲದ ಮನೆಯಲ್ಲಿ ಅವಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದು ಅಂಚಕ್ಕ. ಮದುವೆ ಮಾಡಿಕೊಟ್ಟದ್ದೂ ಅಂಚಕ್ಕ. ತಂಗಿಯ ಗಂಡನ ಕೆಲಸ ಹೋದಾಗ ಮಹಡಿಯ ಕೋಣೆ ಬಿಟ್ಟುಕೊಟ್ಟು, ಮ್ಯಾನೇಜರನ್ನು ಕಾಡಿ ಬೇಡಿ, ತನ್ನ ಪಕ್ಕದ ಕುರ್ಚಿಯಲ್ಲೇ ಅವಳಿಗೊಂದು ತಾತ್ಕಾಲಿಕ ಕೆಲಸ ಕೊಡಿಸಿದಳು. ತಂಗಿ ಚುರುಕು. ಮಾತು ಅರಳು ಹುರಿದ ಹಾಗೆ. ಆದರೆ ಹಾಳೆಯ ಮುಂದೆ ತಾಳ್ಮೆಯಿಲ್ಲ. "ಒಂದು ಗುಂಡಿ ಒತ್ತಿದ್ರೆ ಅದೇ ಕೂರುತ್ತಲ್ಲ ಅಕ್ಕ, ಯಾಕಿಷ್ಟು ಒದ್ದಾಟ?" ಎನ್ನುತ್ತಿದ್ದಳು. "ಕೂರೋದು ಬೇರೆ, ಓದೋಕೆ ಬರೋದು ಬೇರೆ" ಎಂದು ಅಂಚಕ್ಕ ಪ್ರಿಂಟ್ ಪ್ರಿವ್ಯೂ ತೆರೆದು ಮತ್ತೆ ಮೊದಲಿನಿಂದ ತೋರಿಸುತ್ತಿದ್ದಳು. ಬರುವ ತಿಂಗಳು ತಂಗಿಯ ಕೆಲಸ ಕಾಯಂ ಆಗುವುದರಲ್ಲಿತ್ತು.

ಆ ಹೊತ್ತಿಗೆ ಅಂಚಕ್ಕನ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಕಂಪ್ಯೂಟರ್ ಪರದೆಯ ಮೇಲಿನ ಗೆರೆಗಳು ಎಣ್ಣೆ ಕಾಗದದ ಹಿಂದೆ ಇಟ್ಟಂತೆ ಕಾಣುತ್ತಿದ್ದವು. ಡಿಪೋದಲ್ಲಿ ಗೊತ್ತಾದರೆ ಕುರ್ಚಿ ಹೋಯಿತೆಂದೇ ಲೆಕ್ಕ. ಕಣ್ಣು ಮಂಜಾದವಳ ಕೈಗೆ ಚಾರ್ಟು ಯಾರು ಕೊಡುತ್ತಾರೆ? ಅವಳು ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ಪ್ರತಿ ಪ್ರಿಂಟನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎರಡು ಹಾಳೆ ಒಂದರ ಮೇಲೊಂದಿಟ್ಟು ಗೆರೆ ಕೂಡುತ್ತದೆಯೇ ಎಂದು ನೋಡಿ ಕೆಲಸ ಸಾಗಿಸಿದಳು. ಒಂದೂ ತಪ್ಪಲಿಲ್ಲ. ರಜೆ ಹಾಕಿ ಆಪರೇಷನ್ ಮುಗಿಸಿಬಿಟ್ಟರೆ ಯಾರಿಗೂ ಸುದ್ದಿಯಾಗದು ಎಂಬ ಲೆಕ್ಕಾಚಾರ. ಹೇಳಿದ್ದು ಒಬ್ಬಳಿಗೇ, ತಂಗಿಗೆ. "ಆಪರೇಷನ್ ದಿನ ನಾನಿರ್ತೀನಿ ಅಕ್ಕ, ನೀನು ಹೆದರಬೇಡ" ಎಂದು ತಂಗಿ ಅವಳ ಕೈ ಹಿಡಿದುಕೊಂಡಿದ್ದಳು. ಅಂಚಕ್ಕನಿಗೆ ಆವತ್ತು ಅರ್ಧ ಕಾಯಿಲೆ ವಾಸಿಯಾದಂತಾಗಿತ್ತು.

ಒಂದು ಬುಧವಾರ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿ ಕಣ್ಣಾಸ್ಪತ್ರೆಗೆ ಹೋದಳು. ಆಫೀಸಿನಲ್ಲಿ ಬ್ಯಾಂಕಿಗೆಂದು ಹೇಳಿದ್ದಳು. ಅವಳು ಹೊರಡುವ ಹೊತ್ತಿಗೆ ಗುರುವಾರದಿಂದ ಮುಂದಿನ ಡ್ಯೂಟಿ ಬದಲಾಗಿ, ಜೊತೆಗೆ ಷರಾ ಬರೆಯಲು ಒಂದು ಹೊಸ ಕಾಲಂ ಸೇರಿತು. ಬಲಗಡೆ ಹಾಳೆಗಳನ್ನಷ್ಟೇ ಹೊಸದಾಗಿ ತೆಗೆಯಬೇಕಿತ್ತು; ಅದನ್ನು ತಂಗಿಗೆ ಬಿಟ್ಟು ಅವಳು ಹೊರಟಿದ್ದಳು. ಹೊಸ ಕಾಲಂ ಹಾಳೆಯಿಂದ ಹೊರಗೆ ಇಣುಕಿತು. ತಂಗಿ ಎಲ್ಲ ಕಾಲಂಗಳನ್ನೂ ಒಂದೇ ಹಾಳೆಗೆ ಕೂರಿಸುವ ಗುಂಡಿ ಒತ್ತಿದಳು. ಕೂತವು. ಕೂರುವಾಗ ಸ್ಕೇಲ್ ಇಳಿದು ಸಾಲುಗಳು ಒಂದಿಷ್ಟು ಕುಗ್ಗಿದವು. ಗೋಂದಣ್ಣ ಹಳೆಯ ಎಡಗಡೆ ಹಾಳೆಗಳ ಪಕ್ಕಕ್ಕೆ ಅವನ್ನು ಅಂಟಿಸಿದ. ನೆತ್ತಿಯಲ್ಲಿ ಗೆರೆ ಕೂಡಿತ್ತು. ಕೆಳಗಿಳಿದ ಹಾಗೆಲ್ಲ ಚೂರು ಚೂರೇ ಜಾರಿ, ಬುಡಕ್ಕೆ ಬರುವಷ್ಟರಲ್ಲಿ ಪಕ್ಕದ ಸಾಲೇ ಬೇರೆಯವನದಾಗಿತ್ತು.

ಗುರುವಾರ ಬೆಳಿಗ್ಗೆ ಡ್ರೈವರುಗಳು ಎಂದಿನ ನಂಬಿಕೆಯಲ್ಲಿ ಬೆರಳು ಎಳೆದರು. ಒಂದು ಬಸ್ಸಿಗೆ ಇಬ್ಬರು ಡ್ರೈವರುಗಳು ಹತ್ತಿ, ಕೀ ತನಗೆ ಬರಬೇಕೆಂದು ಜಗಳಕ್ಕೆ ನಿಂತರು. ಗಿರಣಿ ಕೆಲಸದವರನ್ನು ಒಯ್ಯುವ ಬಸ್ಸಿಗೆ ದಿಕ್ಕೇ ಇರಲಿಲ್ಲ. ಗಿರಣಿಯ ಗೇಟು ಮುಚ್ಚಿತು, ದಿನದ ಕೂಲಿ ಹೋದವರು ಡಿಪೋ ಮುಂದೆ ಬಂದು ಕೂಗಾಡಿದರು.

ಅಂಚಕ್ಕ ಬಂದವಳೇ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು, ಎರಡು ಹಾಳೆ ಕೂಡುವಲ್ಲಿ ಉಗುರಿಟ್ಟು ಕೆಳಗೆಳೆದಳು. ನಾಲ್ಕು ಸಾಲು ದಾಟುವುದರೊಳಗೆ ಇದು ಯಾರ ಕೈ ಎಂದು ತಿಳಿಯಿತು. ಸಿಟ್ಟು ಬಂತು. ಅದಕ್ಕಿಂತ ಮೊದಲು ತಂಗಿಯ ಕಾಯಂ ಕೆಲಸ ನೆನಪಾಯಿತು. ಮ್ಯಾನೇಜರ್ ಕೋಣೆಯ ಮೆಟ್ಟಿಲು ಹತ್ತುವಾಗಲೇ ಅವಳು ಮಾತು ಹೊಂದಿಸಿಕೊಂಡಿದ್ದಳು: ನಾನೇ ಅವಸರದಲ್ಲಿ ತೆಗೆದೆ, ತಪ್ಪಾಯಿತು. ತನಗೆ ಬೈಗುಳ ಬೀಳುತ್ತದೆ, ತಂಗಿಗೆ ಕೆಲಸ ಉಳಿಯುತ್ತದೆ. ಇಷ್ಟು ವರ್ಷದ ಸರ್ವಿಸಿಗೆ ಒಂದು ಬೈಗುಳ ಏನು ಮಹಾ.

ತಂಗಿ ಆಗಲೇ ಒಳಗಿದ್ದಳು. ಬಾಗಿಲ ಪರದೆಯ ಆಚೆಯಿಂದ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಬಲಗಡೆ ಪ್ರಿಂಟೂ ಅಕ್ಕನೇ ತೆಗೆದಿಟ್ಟು ಹೋಗಿದ್ದು ಸರ್. ಅವಳಿಗೆ ಎರಡೂ ಕಣ್ಣು ಮಂಜಾಗಿದೆ. ನಿನ್ನೆ ಹೋಗಿದ್ದು ಬ್ಯಾಂಕಿಗಲ್ಲ, ಕಣ್ಣಾಸ್ಪತ್ರೆಗೆ. ಪಾಪ, ನಾನೂ ಎಷ್ಟು ದಿನ ಅಂತ ಮುಚ್ಚಿಡಲಿ?"

ಆ 'ಪಾಪ' ಇದೆಯಲ್ಲ, ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅಂಚಕ್ಕ ಒಳಗೆ ಬಂದಳು. ತಂಗಿ ತಲೆ ತಗ್ಗಿಸಿ ಬಳೆ ತಿರುಗಿಸುತ್ತ ನಿಂತಳು. ಮ್ಯಾನೇಜರ್ ಕೆಟ್ಟವನಲ್ಲ. ಎದುರು ಗೋಡೆಯ ಕ್ಯಾಲೆಂಡರ್ ತೋರಿಸಿ, "ಇಲ್ಲಿಂದಲೇ ಕೆಳಗಿನ ಸಾಲು ಓದಿ ನೋಡೋಣ" ಎಂದ. ಅಂಚಕ್ಕ ಕಣ್ಣು ಕಿರಿದು ಮಾಡಿದಳು. ಬಿಳಿ ಕಂಡಿತು, ಬಿಳಿಯ ಮೇಲೆ ಏನೋ ಬೂದು ಕಂಡಿತು. "ಓದೋಕಾಗ್ತಿಲ್ಲ ಸರ್" ಎಂದಳು.

ಬಾಗಿಲಲ್ಲಿ ಗೋಂದಿನ ಡಬ್ಬ ಹಿಡಿದು ನಿಂತಿದ್ದ ಗೋಂದಣ್ಣ ಬಾಯಿ ತೆರೆದ. ಬಲಗಡೆ ಹಾಳೆಗಳನ್ನು ಸಂಜೆ ತನಗೆ ಕೊಟ್ಟವರು ಯಾರು, ಆಗಿನ್ನೂ ಅವು ಪ್ರಿಂಟರಿನ ಬಿಸಿಯಲ್ಲೇ ಇದ್ದವು ಎಂಬುದು ಅವನಿಗೆ ಗೊತ್ತು. ಅಂಚಕ್ಕ ಬೇಡವೆಂದು ತಲೆಯಾಡಿಸಿದಳು. ತಪ್ಪು ಹೊರುವುದಕ್ಕೆ ತಯಾರಾಗಿಯೇ ಅವಳು ಮೆಟ್ಟಿಲು ಹತ್ತಿದ್ದಳು. ತಾನಾಗಿ ಹೊರುವ ಮೊದಲೇ ತಂಗಿ ತಲೆಯ ಮೇಲೆ ತಂದು ಹೇರಿದ್ದಳಲ್ಲ, ಅದು ಅವಳ ಎದೆ ಸುಟ್ಟಿತು. ತಂಗಿ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ತಾನೇ ಹೊರುತ್ತಿದ್ದಳು.

ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಕೋಣೆಗೆ ಅವಳನ್ನು ಹಾಕಿದರು. ಛತ್ರಿ, ಟಿಫನ್ ಡಬ್ಬ, ಒಂಟಿ ಚಪ್ಪಲಿ. ತಂಗಿಯ ಕೆಲಸ ಕಾಯಂ ಆಯಿತು, ಕುರ್ಚಿಯೂ ಪಕ್ಕದಿಂದ ನಡುವಿಗೆ ಸರಿಯಿತು.

ಕೆಲವು ದಿನಗಳ ಮೇಲೆ ತಂಗಿ ಎರಡು ಹಾಳೆ ಹಿಡಿದು ಆ ಕೋಣೆಗೆ ಬಂದಳು. "ಅಕ್ಕ, ಏನು ಮಾಡಿದರೂ ಗೆರೆ ಕೂಡ್ತಿಲ್ಲ."

ಡ್ರೈವರುಗಳು ಏನು ತಪ್ಪು ಮಾಡಿದ್ದರು? ಅಂಚಕ್ಕ ಹೇಳಿಕೊಟ್ಟಳು. "ಒಂದೇ ಹಾಳೆಗೆ ಫಿಟ್ ಮಾಡೋದನ್ನ ತೆಗೆದುಹಾಕು. ಎಡಗಡೆಗೆ ಇರೋ ಸ್ಕೇಲನ್ನೇ ಬಲಗಡೆಗೂ ಕೊಡು. ಜಾಗ ಸಾಲದಿದ್ರೆ ಬಲ ಅಂಚು ಕಡಿಮೆ ಮಾಡು, ಕಾಲಂ ಸಣ್ಣ ಮಾಡು. ಸಾಲಿನ ಎತ್ತರ ಮಾತ್ರ ಮುಟ್ಟಬೇಡ."

ತಂಗಿ ಹೋಗಲಿಲ್ಲ. "ಆವತ್ತು ಹೆದರಿಬಿಟ್ಟಿದ್ದೆ ಅಕ್ಕ."

"ಹೆದರಿ ಪ್ರಿಂಟ್ ನಾನು ತೆಗೆದೆ ಅಂದೆ, ಸರಿ. ಕಣ್ಣಿನ ವಿಷಯ ಯಾಕೆ ಹೇಳ್ದೆ?"

ತಂಗಿ ಹಾಳೆಗಳನ್ನು ಮಡಚಿದಳು, ಬಿಚ್ಚಿದಳು. "ಹೇಳದಿದ್ರೆ ಅವರು ನಂಬ್ತಿರಲಿಲ್ಲ" ಎಂದಳು.

ಆಪರೇಷನ್ ದಿನ ಅಂಚಕ್ಕ ಕರೆಯದಿದ್ದರೂ ತಂಗಿ ರಜೆ ಹಾಕಿ, ಫ್ಲಾಸ್ಕು, ಶಾಲು, ಚೀಲ ಹಿಡಿದು ಹಿಂದೆಯೇ ಬಂದಳು. ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಪಕ್ಕದಲ್ಲೇ, ತೋಳಿಗೆ ತೋಳು ತಾಗುವಂತೆ ಕೂತಳು. ನರ್ಸ್ ಬಂದು ಅಂಚಕ್ಕನ ಕಣ್ಣಿಗೆ ಹನಿ ಹಾಕಿ ಕೇಳಿದಳು: "ನಿಮ್ಮ ಜೊತೆ ಯಾರು ಬಂದಿದ್ದಾರೆ?"

ತಂಗಿ ಅರ್ಧ ಎದ್ದಳು.

"ಯಾರೂ ಬಂದಿಲ್ಲ" ಎಂದಳು ಅಂಚಕ್ಕ. "ಮನೆಗೆ ಕರ್ಕೊಂಡು ಹೋಗೋಕೆ ಮಧ್ಯಾಹ್ನ ಗೋಂದಣ್ಣ ಅಂತ ಒಬ್ಬರು ಬರ್ತಾರೆ."

ನರ್ಸ್ ತಂಗಿಯ ಕಡೆ, ಅವಳ ಕೈಯಲ್ಲಿದ್ದ ಚೀಲದ ಕಡೆ ನೋಡಿದಳು. "ಹಾಗಾದ್ರೆ ಇವರು?"

ಅಂಚಕ್ಕ ಆ ಕಡೆ ತಿರುಗಲಿಲ್ಲ. "ಅವರು ನಮ್ಮ ಡಿಪೋದಲ್ಲಿ ಕೆಲಸ ಮಾಡ್ತಾರೆ" ಎಂದು ಹೇಳಿ, ನರ್ಸಿನ ಕೈ ಹಿಡಿದು ಒಳಗೆ ನಡೆದಳು.